ಅಂಗಡಿ ಮೇಲಿನ ಮನೆ

ಮೊನ್ನೆ ಊರಿಂದ ತಂಗಿಯ ಮಗಳು ಬಂದಿದ್ದಳು. ಗದಗಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ಟೀಚರು. ಪುಣೆ ನೋಡಬೇಕು ಅಂದಳು. ಶನಿವಾರವಾಡಾ ತೋರಿಸ್ತೀನಿ ನಡಿ ಅಂದೆ. "ಅದು ಇರ್ಲಿ ಮಾಮಾ, ಸಾವಿತ್ರಿಬಾಯಿ ಹುಡಿಗ್ಯಾರ ಸಾಲಿ ತಗದಿದ್ರಲ್ಲ, ಆ ಮನಿ ತೋರಸು" ಅಂದಳು.

ಕರೆದುಕೊಂಡು ಹೋದೆ. ಬುಧವಾರ ಪೇಟೆ, ದಗಡೂಶೇಠ್ ಗಣಪತಿಯ ಎದುರು. ಜಾಗ ತೋರಿಸಿದೆ. ಅವಳು ಆ ಕಡೆ ಈ ಕಡೆ ನೋಡಿ ಕೇಳಿದಳು, "ಮನಿ ಎಲ್ಲಿ?"

ಮನೆ ಇಲ್ಲಮ್ಮಾ. ಅದರ ಸ್ಮಾರಕ ಮಾಡೋಕೆ ಅಂತ ಅದನ್ನ ಕೆಡವಿದಾರೆ.

ಈ ಮಾತು ನನ್ನ ಬಾಯಿಂದ ಹೊರಟ ಮೇಲೆ ನನಗೇ ನಗು ಬಂತು. ಆಮೇಲೆ ನಗು ನಿಂತಿತು. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನ ಬರೀತಾ ಇದೀನಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. 1848ರಲ್ಲಿ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ಶುರುಮಾಡಿದ್ದು ಭಿಡೆ ವಾಡೆಯಲ್ಲಿ. ಭಾರತೀಯರೇ ಹೆಣ್ಣುಮಕ್ಕಳಿಗಾಗಿ ತೆರೆದ ಮೊದಮೊದಲ ಶಾಲೆಗಳಲ್ಲಿ ಅದು ಒಂದು. ಜಾಗ ಕೊಟ್ಟವರು ತಾತ್ಯಾಸಾಹೇಬ ಭಿಡೆ. ಆಗ ಸಾವಿತ್ರಿಬಾಯಿಗೆ ಹದಿನೇಳು ವರ್ಷ. ಆ ವಾಡೆ ಅರಮನೆ ಅಲ್ಲ, ಕೋಟೆ ಅಲ್ಲ. ಪುಣೆಯ ಪೇಟೆಗಳಲ್ಲಿ ಸಾವಿರಗಟ್ಟಲೆ ಇದ್ದಂಥ ಒಂದು ಮನೆ, ಅಷ್ಟೇ. ನಮ್ಮ ಕಾಲದಲ್ಲಿ ಅದರ ಕೆಳಗೆ ಸಾಲಾಗಿ ಅಂಗಡಿ. ಅಂಗಡಿಯವರು ಬಾಡಿಗೆದಾರರು. ಸ್ಮಾರಕ ಮಾಡ್ತೀವಿ ಜಾಗ ಬಿಡಿ ಅಂತ ಮಹಾನಗರಪಾಲಿಕೆ, ಬಿಡೋದಿಲ್ಲ ಅಂತ ಅವರು. ಕೋರ್ಟಿನಲ್ಲಿ ಹದಿಮೂರು ವರ್ಷ ಕಳೀತು. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅಂಗಡಿಯವರ ಮನವಿಯನ್ನ ತಳ್ಳಿಹಾಕಿತು. ಡಿಸೆಂಬರ್ ಮೊದಲ ವಾರ ಒಂದು ರಾತ್ರಿ ಪೊಲೀಸ್ ಬಂದೋಬಸ್ತಿನಲ್ಲಿ ಜೆಸಿಬಿ ಬಂತು. ಬೆಳಿಗ್ಗೆ ಹೊತ್ತಿಗೆ ಮನೆ ಇರಲಿಲ್ಲ. 2024ರ ಸೆಪ್ಟೆಂಬರ್ 29ಕ್ಕೆ ಸ್ಮಾರಕದ ಅಡಿಗಲ್ಲನ್ನ ಪ್ರಧಾನಿಗಳು ದೂರದಿಂದಲೇ ಹಾಕಿದರು.

ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ.

ಹಾಗಂತ ಕೆಡವಿದ ರಾತ್ರಿಯ ಬಗ್ಗೆ ನನ್ನ ತಕರಾರಿಲ್ಲ. ಅಷ್ಟೊತ್ತಿಗೆ ಆ ಮನೆ ಜೀರ್ಣವಾಗಿ ಹೋಗಿತ್ತು. ಒಳಗೆ ಹಬೆಯಾಡ್ತಿದ್ದದ್ದು ಇತಿಹಾಸ ಅಲ್ಲ, ಗೆದ್ದಲು. ನನ್ನ ತಕರಾರು ಅದಕ್ಕಿಂತ ಮೊದಲಿನ ಐವತ್ತು ವರ್ಷದ ಬಗ್ಗೆ. ಆ ಮನೆಯನ್ನ ಸಾಯೋಕೆ ಬಿಟ್ಟವರು ಯಾರು ಅನ್ನೋದು ನನ್ನ ಪ್ರಶ್ನೆ. ಉತ್ತರ ಹುಡುಕ್ತಾ ಹೋದರೆ ಬೆರಳು ಸುತ್ತಿ ಸುತ್ತಿ ನನ್ನ ಕಡೆಗೇ ಬರ್ತದೆ. ಅದನ್ನೂ ಹೇಳ್ತೀನಿ.

ಮೊದಲು ಈ ಮನೆಗಳು ಹೇಗಿದ್ದವು ಅಂತ ಹೇಳಬೇಕು. ಯಾಕಂದ್ರೆ ಈಗ ಪುಣೆಗೆ ಬರೋ ನಮ್ಮ ಹುಡುಗರು ಹಿಂಜವಡಿ, ಬಾಣೇರ, ಖರಾಡಿಯಲ್ಲಿ ಇಳೀತಾರೆ. ಪೇಟೆ ಅಂದ್ರೆ ಲಕ್ಷ್ಮಿ ರೋಡಿನಲ್ಲಿ ಸೀರೆ ತರೋ ಜಾಗ ಅಂತ ಅಷ್ಟೇ ಗೊತ್ತು.

ನಾನು ಬಂದದ್ದು 1984ರಲ್ಲಿ. ಸದಾಶಿವ ಪೇಟೆಯಲ್ಲಿ ಸೋದರಮಾವ ಒಂದು ವಾಡೆಯ ಮಾಳಿಗೆಯಲ್ಲಿ ಎರಡು ಕೋಣೆ ಹಿಡಿದಿದ್ದ. ಐವತ್ತರ ದಶಕದಲ್ಲೇ ಬಂದು ಅಂಚೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದವನು. ಬೀದಿ ಕಡೆ ಮನೆಯ ಅಗಲ ಹದಿನೆಂಟು ಅಡಿ ಇದ್ದರೆ ಹೆಚ್ಚು. ಆದರೆ ಒಳಗೆ ಹೋದಂಗೆ ಹೋದಂಗೆ ಮುಗಿಯೋದೇ ಇಲ್ಲ, ರೈಲಿನ ಡಬ್ಬಿ ಇದ್ದಂಗೆ. ಎರಡೂ ಪಕ್ಕದ ಗೋಡೆ ಪಕ್ಕದ ಮನೆಯವರಿಗೂ ಸೇರಿದ್ದು. ಮುಂದೆ ಅಂಗಡಿ. ನಮ್ಮ ಕೆಳಗೆ ಹಗ್ಗ, ಚಾಪೆ, ಮೊರ ಮಾರೋ ಅಂಗಡಿ ಇತ್ತು. ಬಾಗಿಲಿಗೆ ಷಟರ್ ಇಲ್ಲ. ಉದ್ದುದ್ದ ಹಲಗೆಗಳು, ಒಂದೊಂದಕ್ಕೂ ನಂಬರು, ಹೊಸ್ತಿಲಿನ ಗಾಡಿಯಲ್ಲಿ ಒಂದೊಂದಾಗಿ ಸರಿಸಿ ನಿಲ್ಲಿಸೋದು. ನಮ್ಮ ಊರಿನ ಕಿರಾಣಿ ಅಂಗಡಿಗಳಲ್ಲೂ ನೀವು ನೋಡಿರ್ತೀರಿ. ನನಗೆ ಪುಣೆಯಲ್ಲಿ ಗಡಿಯಾರ ಬೇಕಾಗಿರಲಿಲ್ಲ. ಒಂಬತ್ತೂವರೆಗೆ ಹಲಗೆಗಳ ಧಡ್ ಧಡ್ ಸದ್ದು. ಅದು ಕೇಳಿದರೆ ನನಗೆ ಬಸ್ಸು ತಪ್ಪಿತು ಅಂತ ಅರ್ಥ.

ಅಂಗಡಿಯ ಪಕ್ಕ ದೊಡ್ಡ ಬಾಗಿಲು. ಆ ಬಾಗಿಲಿನೊಳಗೆ ಚಿಕ್ಕ ಬಾಗಿಲು, ದಿಂಡಿ ಅಂತಾರೆ, ಬಗ್ಗಿ ಹೋಗಬೇಕು. ಆಮೇಲೆ ಕತ್ತಲೆ ಓಣಿ, ಅದು ದಾಟಿದರೆ ಚೌಕು, ತುಳಸಿ ಕಟ್ಟೆ, ಹೌದು, ಅದರ ಸುತ್ತ ಓಸರಿ. ನಮ್ಮ ಕಡೆಯ ತೊಟ್ಟಿಮನೆಯ ತಮ್ಮ ಅಂದುಕೊಳ್ಳಿ. ಮಾಳಿಗೆಗೆ ಹೋಗೋ ಮೆಟ್ಟಿಲು ಗೋಡೆಯ ದಪ್ಪದೊಳಗೇ ಅಡಗಿರ್ತಿತ್ತು, ಕಡಿದಾಗಿ, ಹಗ್ಗ ಹಿಡಿದು ಹತ್ತಬೇಕು. ಬೀದಿ ಕಡೆ ಮರದ ಗ್ಯಾಲರಿ. ಕಂಬಗಳು ಸುರುವಿನ ಮರದ ಆಕಾರದ್ದು, ಮೇಲೆ ಬಾಳೆಹೂವಿನ ಕೆತ್ತನೆ. ಛಾವಣಿಗೆ ನಮ್ಮ ಮಂಗಳೂರು ಹೆಂಚು! 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿದ ಮೇಲೆ ಆ ಹೆಂಚು ಎಲ್ಲೆಲ್ಲಿಗೆ ಹೋಯ್ತೋ. ಮಾವ ನನಗೆ ತೋರಿಸಿದ ಮೊದಲ ವಸ್ತು ಅದೇ. "ನೋಡು, ನಮಗಿಂತ ಮೊದಲ ನಮ್ಮವರು ಬಂದು ಮ್ಯಾಲ ಕುಂತಾರ" ಅಂದಿದ್ದ.

ಇಂಥ ಮನೆ ನಿಲ್ಲೋದು ಹೇಗೆ ಅಂತ ತಿಳಿದುಕೊಂಡರೆ ಬೀಳೋದು ಹೇಗೆ ಅಂತಲೂ ತಿಳೀತದೆ. ಕೆಳಗೆ ಕರಿಕಲ್ಲಿನ ಜೋತೆ, ಅಂದರೆ ಜಗಲಿಪಾಯ. ಅದರ ಮೇಲೆ ಸಾಗುವಾನಿ ಕಂಬ, ತೊಲೆಗಳ ಚೌಕಟ್ಟು. ನಡುವೆ ತೆಳು ಇಟ್ಟಿಗೆ, ಮಣ್ಣಿನ ಗಾರೆ, ಮೇಲೆ ಸುಣ್ಣ. ಭಾರ ಹೊರೋದು ಮರ, ಗೋಡೆ ಅಲ್ಲ. ಹೀಗಾಗಿ ಮರ ಒಣಗಿರೋ ತನಕ ಇನ್ನೂರು ವರ್ಷ ಏನೂ ಆಗೋದಿಲ್ಲ. ಒಂದು ಹೆಂಚು ಒಡೆದು ಹನಿ ಬೀಳೋಕೆ ಶುರುವಾದರೆ ಮಾತ್ರ ಲೆಕ್ಕ ಬದಲಾಗ್ತದೆ. ನೀರು ಗೋಡೆಯೊಳಗೆ ಇಳೀತದೆ, ಗೋಡೆಯಲ್ಲಿ ಹೂತ ತೊಲೆಯ ತುದಿ ಕೊಳೀತದೆ, ಮಾಳಿಗೆ ವಾಲ್ತದೆ. ಒಂದು ಹೆಂಚಿನ ಖರ್ಚು ಎಷ್ಟು? ಒಂದು ಚಹಾದಷ್ಟು. ಅದನ್ನ ಹಾಕೋದು ಯಾರು? ಅಲ್ಲಿದೆ ಕಥೆ.

ಇನ್ನೊಂದು. ಗೋಡೆ ಇಬ್ಬರದ್ದು ಅಂದೆನಲ್ಲ. ಸಾಲಿನಲ್ಲಿ ಒಂದು ಮನೆ ಕೆಡವಿದರೆ ಪಕ್ಕದ ಮನೆಯ ಗೋಡೆ ಮಳೆಗೆ ಬೆತ್ತಲೆಯಾಗ್ತದೆ. ಆ ಗೋಡೆ ಮಳೆ ಕಂಡೇ ಇರಲಿಲ್ಲ. ಮಣ್ಣಿನ ಗಾರೆ ಕರಗ್ತದೆ. ಒಂದು ಹಲ್ಲು ಕಿತ್ತರೆ ಪಕ್ಕದ್ದು ಅಲ್ಲಾಡಿದಂಗೆ. ಆದ್ದರಿಂದ "ನನ್ನ ಮನೆ, ನನ್ನಿಷ್ಟ" ಅನ್ನೋ ಮಾತು ಸಾಲುಮನೆಗೆ ಹೊಂದೋದಿಲ್ಲ.

ಈಗ ಹೆಂಚಿನ ಕಥೆಗೆ ಬರೋಣ. ಹಳೇ ಕಾಲದಲ್ಲಿ ಅಂಗಡಿಯ ಬಾಡಿಗೆಯೇ ಮನೆಯ ಹೊಟ್ಟೆ ತುಂಬಿಸ್ತಿತ್ತು. ಮಳೆಗಾಲಕ್ಕೆ ಮುಂಚೆ ಹೆಂಚು ಹೊರಳಿಸೋದು, ದಸರೆಗೆ ಸುಣ್ಣ, ಎಲ್ಲ ಅದರಿಂದಲೇ. ಯುದ್ಧ ಬಂತು, ದೇಶ ಒಡೀತು, ಊರಿಗೆ ಜನ ನುಗ್ಗಿದರು. 1947ರ ಬಾಂಬೆ ಬಾಡಿಗೆ ಕಾಯ್ದೆ ಬಂತು. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಪ್ರಮಾಣದ ಬಾಡಿಗೆ ಅಂತಾಯ್ತು. ಆಗ ಅದು ಬೇಕಾಗಿತ್ತು, ನಾನು ಅಲ್ಲಗಳೆಯೋದಿಲ್ಲ. ಅದಿಲ್ಲದಿದ್ದರೆ ನಮ್ಮ ಮಾವನಂಥ ಗುಮಾಸ್ತ ಪೇಟೆಯಲ್ಲಿ ಒಂದು ರಾತ್ರಿ ಮಲಗೋಕೆ ಆಗ್ತಿರಲಿಲ್ಲ. ಆದರೆ ತಾತ್ಕಾಲಿಕ ಅಂತ ಬಂದ ಕಾಯ್ದೆ ಐವತ್ತು ವರ್ಷ ಕೂತುಬಿಟ್ಟಿತು.

ನಮ್ಮ ಎರಡು ಕೋಣೆಯ ಬಾಡಿಗೆ ತಿಂಗಳಿಗೆ ₹22. ಮಾವ ತೀರಿಕೊಂಡ ಮೇಲೆ, ಜೊತೆಗೇ ಇದ್ದವನು ಅಂತ, ಬಾಡಿಗೆಯ ಹಕ್ಕು ನನಗೆ ಬಂತು. ನಾನು ಪಿಂಪ್ರಿಯಲ್ಲಿ ಒಳ್ಳೇ ಸಂಬಳ ತಗೊಳ್ತಿದ್ದೆ. ಬಸ್ ಪಾಸಿಗೆ ಅದರ ಎಷ್ಟೋ ಪಟ್ಟು ಕೊಡ್ತಿದ್ದೆ. ಮನೆಗೆ ₹22. ಹೊಸ ಬಾಡಿಗೆ ಕಾಯ್ದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂತು, ವರ್ಷಕ್ಕೆ ಶೇಕಡಾ 4 ಏರಿಸಬಹುದು ಅಂತ. ₹22ಕ್ಕೆ ಶೇಕಡಾ 4 ಅಂದ್ರೆ 88 ಪೈಸೆ! ಮಾಲೀಕರು ಆ 88 ಪೈಸೆ ಕೇಳೋಕೂ ಬರಲಿಲ್ಲ, ನಾಚಿಕೆ ಅವರಿಗೇ ಆಗಿರಬೇಕು.

ಅಂದ ಹಾಗೆ, ಈ ಕಾಯ್ದೆಯ ತಪ್ಪನ್ನ ಸುಪ್ರೀಂ ಕೋರ್ಟಿನ ಬಾಯಲ್ಲಿ ಹೇಳಿಸಿದ ಮೊಕದ್ದಮೆಯ ಹೆಸರು ಕೇಳಿ: ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ. ಹೆಸರಲ್ಲೇ ನಮ್ಮ ಮಲ್ಪೆ ಇದೆ. ಬಾಡಿಗೆಯನ್ನ 1940ಕ್ಕೆ ಕಟ್ಟಿಹಾಕಿದ್ದು ಶುರುವಿನಲ್ಲಿ ಸರಿಯಿದ್ದರೂ ಕಾಲ ಕಳೆದಂತೆ ನ್ಯಾಯಸಮ್ಮತವಲ್ಲದ್ದಾಗಿದೆ ಅಂತ 1997ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು. ಆದರೂ ಆದದ್ದು ಏನು? 88 ಪೈಸೆ.

ಹೀಗೆ ಮಾಲೀಕ ಹೆಂಚು ಹಾಕಲಿಲ್ಲ, ಯಾಕಂದ್ರೆ ಬಾಡಿಗೆ ಇಲ್ಲ. ನಾನು ಹಾಕಲಿಲ್ಲ, ಯಾಕಂದ್ರೆ ಮನೆ ನನ್ನದಲ್ಲ. ಅಂಗಡಿಯವನು ಹಾಕಲಿಲ್ಲ, ಯಾಕಂದ್ರೆ ಹನಿ ಅವನ ತಲೆ ಮೇಲೆ ಬೀಳ್ತಿರಲಿಲ್ಲ, ನಡುವೆ ನಾನಿದ್ದೆ! ಮಳೆಗಾಲದಲ್ಲಿ ನಾವು ಬೋಗುಣಿ ಇಟ್ಟೆವು. ಇಪ್ಪತ್ತೆರಡು ವರ್ಷ ಬೋಗುಣಿ ಇಟ್ಟೆವು. ಯಾರೂ ಮನೆ ಕೆಡವಲಿಲ್ಲ, ಎಲ್ಲರೂ ಸೇರಿ ಬೀಳಿಸಿದೆವು.

2006ರಲ್ಲಿ ಮಾಲೀಕರ ಮೊಮ್ಮಗ ಒಬ್ಬ ಬಿಲ್ಡರನ್ನ ಕರೆದುಕೊಂಡು ಬಂದ. ಕಾಗದ ಮುಂದಿಟ್ಟರು. ನನಗೆ ಬಂದ ಹಣ ಆಗ ದೊಡ್ಡದು. ಸಿಂಹಗಡ ರೋಡಿನ ಈ ಫ್ಲ್ಯಾಟಿನ ಅರ್ಧ ಅದರಿಂದಲೇ ಬಂದದ್ದು. ನಾನು ಸಹಿ ಹಾಕಿದೆ. ಓದಿ ನೋಡದೇ ಹಾಕಿದೆ ಅಂತ ಸುಳ್ಳು ಹೇಳೋದಿಲ್ಲ, ಎರಡು ಸಲ ಓದಿಯೇ ಹಾಕಿದೆ. ಹಗ್ಗದ ಅಂಗಡಿಯ ಮುದುಕ ಮಾತ್ರ ಒಂದು ವರ್ಷ ಒಪ್ಪಲಿಲ್ಲ. ಅವನಿಗೆ ಹಣ ಬೇಕಾಗಿರಲಿಲ್ಲ, ಬೀದಿಗೆ ಮುಖ ಮಾಡಿದ ಅಂಗಡಿಯೇ ಬೇಕಾಗಿತ್ತು. ನಾವೆಲ್ಲ ಅವನನ್ನ ಬೈದೆವು, ಹಟಮಾರಿ ಅಂದೆವು. ಈಗ ಅಲ್ಲಿ ಐದು ಅಂತಸ್ತಿನ ಕಟ್ಟಡ ಇದೆ. ಅಂಗಡಿ ಇದ್ದಲ್ಲಿ ಪಾರ್ಕಿಂಗಿನ ಗೇಟು. ಬೀದಿಗೆ ಬೆನ್ನು ಮಾಡಿ ನಿಂತ ಮನೆ.

ಅದಕ್ಕೇ ಭಿಡೆ ವಾಡೆಯ ಅಂಗಡಿಯವರನ್ನ ಎಲ್ಲರೂ ಸಾವಿತ್ರಿಬಾಯಿಯ ಶತ್ರುಗಳು ಅನ್ನೋಹಂಗೆ ಮಾತಾಡಿದಾಗ ನನಗೆ ಬಾಯಿ ಬರಲಿಲ್ಲ. ಸ್ಮಾರಕ ಬೇಡ ಅಂತ ನಾನೂ ಹೇಳ್ತಿಲ್ಲ. ಆದರೆ ಆ ಮನೆ ದೊಡ್ಡದಾಗಿದ್ದು ಯಾತಕ್ಕೆ? ಅದು ಸಾಮಾನ್ಯ ಮನೆ ಆಗಿದ್ದಕ್ಕೆ. ವ್ಯಾಪಾರದ ಬೀದಿ, ಜನ ಹೋಗಿ ಬಂದು ಮಾಡೋ ಜಾಗ, ಅಲ್ಲಿ ಒಬ್ಬ ಮನೆಮಾಲೀಕ ಕೋಣೆ ಬಿಟ್ಟುಕೊಟ್ಟ, ಇತಿಹಾಸ ಆಯ್ತು. ಎದುರಿಗೇ ನೋಡಿ, ದಗಡೂಶೇಠ್ ಗಣಪತಿ. ದಗಡೂಶೇಠ್ ಯಾರು? ಕರ್ನಾಟಕದ ಕಡೆಯಿಂದ ಬಂದ ಲಿಂಗಾಯತ ಮಿಠಾಯಿ ವ್ಯಾಪಾರಿ ಅಂತ ಹೇಳ್ತಾರೆ. ಮಗ ಪ್ಲೇಗಿನಲ್ಲಿ ತೀರಿಹೋದ ದುಃಖದಲ್ಲಿ ಗಣಪತಿಯನ್ನ ಕೂರಿಸಿದ ಅಂತ ಕಥೆ. ಆ ಕಡೆ ಒಬ್ಬ ಅಂಗಡಿಯವನ ದುಃಖ ಗುಡಿ ಆಯ್ತು, ಈ ಕಡೆ ಅಂಗಡಿ ಬೀದಿಯ ಮನೆ ಶಾಲೆ ಆಯ್ತು. ಲಕ್ಷಾಂತರ ಜನ ಗಣಪತಿಗೆ ಕೈಮುಗೀವಾಗ ಶಾಲೆಗೆ ಬೆನ್ನು ಮಾಡಿ ನಿಂತಿದ್ದರು, ಅಷ್ಟೇ ವ್ಯತ್ಯಾಸ.

ನಮ್ಮ ಸರ್ಕಾರಗಳಿಗೆ ಪರಂಪರೆ ಅಂದ್ರೆ ಅರಮನೆ. ಶನಿವಾರವಾಡಾ 1828ರಲ್ಲೇ ಸುಟ್ಟುಹೋಯ್ತು. ಉಳಿದದ್ದು ಕೋಟೆಗೋಡೆ, ದಿಲ್ಲಿ ದರವಾಜಾ, ಅಡಿಪಾಯ. ಅದನ್ನ ಕಾಯಬೇಕು, ಸರಿ. ಆದರೆ 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡ ಕಟ್ಟೋಹಂಗಿಲ್ಲ, ರಿಪೇರಿಗೂ ಅನುಮತಿ ಬೇಕು. ಹೀಗಾಗಿ ಪೇಶ್ವೆಯ ಸುಟ್ಟ ಮನೆಯ ಮರ್ಯಾದೆಗಾಗಿ ಸುತ್ತಲಿನ ಜನ ಬದುಕಿರೋ ಮನೆಗಳು ಕಾಗದ ಹಿಡಿದು ಕಾಯ್ತಾ ಕೊಳೀತಾವೆ. ಸತ್ತ ಮನೆಗೆ ಕಾವಲು, ಬದುಕಿದ ಮನೆಗೆ ನೋಟೀಸು.

ಮುಂಬೈಯಲ್ಲಿ ಕನಿಷ್ಠ ಒಂದು ವ್ಯವಸ್ಥೆಯಾದರೂ ಇದೆ. 1969ರ ಕಾಯ್ದೆಯಂತೆ ದ್ವೀಪನಗರದ ಹಳೇ ಕಟ್ಟಡಗಳಿಂದ ಸೆಸ್ ತಗೊಂಡು ರಿಪೇರಿ ಮಾಡಿಸೋಕೆ ಒಂದು ಮಂಡಳಿ ಮಾಡಿದರು. ಅದು ಪರಿಪೂರ್ಣ ಅಲ್ಲ, ಅಲ್ಲೂ ಕಟ್ಟಡಗಳು ಬೀಳ್ತಾವೆ. ಆದರೆ ಪುಣೆಯ ಪೇಟೆಗಳಿಗೆ ಆ ಕಾಯ್ದೆ ಅನ್ವಯಿಸೋದೇ ಇಲ್ಲ. ಹೆಂಚು ಹಾಕೋರು ಯಾರು ಅನ್ನೋ ಪ್ರಶ್ನೆಗೆ ಪುಣೆಯಲ್ಲಿ ಉತ್ತರವೇ ಇಲ್ಲ.

ನಮ್ಮ ಕರ್ನಾಟಕದಲ್ಲಿ ಏನು ಭಾರೀ ಇದೆ ಅಂತ ಬೀಗಬೇಡಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಕೆಳಗೆ ಅಂಗಡಿಸಾಲು ಇದ್ದದ್ದೇ. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಕೆಡವಬೇಕೋ ಉಳಿಸಬೇಕೋ ಅಂತ ವರ್ಷಗಟ್ಟಲೆ ಜಗಳ. ಬೀಳೋಕೆ ಮುಂಚೆ ಯಾರೂ ಜಗಳ ಆಡಲಿಲ್ಲ.

ಹಾಗಾದರೆ ಬಾಡಿಗೆ ಕಾಯ್ದೆಯನ್ನ ಒಂದೇ ಏಟಿಗೆ ಕಿತ್ತುಹಾಕಿ ಅಂತೀರಾ? ಅದೂ ನೋಡಿ ಆಗಿದೆ. ಮಲೇಷ್ಯಾದ ಪೆನಾಂಗಿನ ಜಾರ್ಜ್‌ಟೌನಿನಲ್ಲಿ ನಮ್ಮ ಪೇಟೆಯ ಥರದ್ದೇ ಸಾಲು ಸಾಲು ಅಂಗಡಿಮನೆಗಳು. 2000ದ ಜನವರಿ 1ಕ್ಕೆ ಅಲ್ಲಿ ಬಾಡಿಗೆ ನಿಯಂತ್ರಣ ತೆಗೆದರು. ಬಾಡಿಗೆ ಏರಿತು, ತಲೆಮಾರುಗಳಿಂದ ಇದ್ದ ಎಷ್ಟೋ ಬಾಡಿಗೆದಾರರು ಜಾಗ ಖಾಲಿ ಮಾಡಿದರು. 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಮನೆ ಎಷ್ಟೋ ಉಳಿದವು, ಹೋಟೆಲು, ಕಾಫಿ ಅಂಗಡಿ ಆದವು. ಒಳಗಿನ ಜನ ಹೋದರು. ಇಲ್ಲಿ ಮನೆ ಹೋಯ್ತು, ಅಲ್ಲಿ ಜನ ಹೋದರು. ಎರಡೂ ಬೇಡ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಬಾಡಿಗೆದಾರ ತನ್ನ ಶಕ್ತಿಗೆ ತಕ್ಕಂತೆ ಕೊಡಲಿ. ನನ್ನಂಥ ಸಂಬಳದವನು ₹22 ಕೊಟ್ಟದ್ದು ಅನ್ಯಾಯ, ಒಬ್ಬಂಟಿ ವಿಧವೆ ಕೊಟ್ಟರೆ ಅನ್ಯಾಯ ಅಲ್ಲ. ಆ ಏರಿದ ಹಣದಲ್ಲಿ ಒಂದು ಪಾಲು ರಿಪೇರಿಗೇ ಅಂತ ಬೇರೆ ಇಡಲಿ, ಮಾಲೀಕನ ಜೇಬಿಗೂ ಅಲ್ಲ, ಪಾಲಿಕೆಯ ಸಮುದ್ರಕ್ಕೂ ಅಲ್ಲ. ಹೆಂಚು ಬದಲಿಸೋಕೆ, ತೊಲೆ ಜೋಡಿಸೋಕೆ ಅರ್ಜಿ ಕೊಟ್ಟರೆ ಮಳೆಗಾಲಕ್ಕೆ ಮುಂಚೆ ಅನುಮತಿ ಸಿಗಲಿ. ಪಟ್ಟಿ ಮಾಡುವಾಗ ದೊಡ್ಡವರ ವಾಡೆಗಳನ್ನಷ್ಟೇ ಅಲ್ಲ, ಬೀದಿಯನ್ನ ಪಟ್ಟಿ ಮಾಡಲಿ, ಸಾಲು ಪೂರ್ತಿ. ಹಳೇ ಮನೆಗೆ ಹೊಸ ಪಾಯಖಾನೆ ಹಾಕೋಕೆ ಸಹಾಯ ಸಿಗಲಿ.

ಹೌದು, ಪಾಯಖಾನೆ. ನನ್ನಾಕೆ ಇದನ್ನ ಓದಿ ಮೊದಲು ಕೇಳಿದ್ದು ಅದೇ. "ಹನ್ನೊಂದು ಮನಿಗೆ ಎರಡು ಪಾಯಖಾನಿ ಇತ್ತು, ಬೆಳಿಗ್ಗೆ ತಂಬಿಗಿ ಹಿಡಕೊಂಡು ನಿಂತವಳು ನಾನು. ಹೊಳ್ಳಿ ಹೋಗ್ತೀರೇನು ಅಲ್ಲಿಗೆ?" ಉತ್ತರ ಕೊಡೋಕೆ ಆಗಲಿಲ್ಲ. ವಾರಾಂತ್ಯದಲ್ಲಿ ಕ್ಯಾಮೆರಾ ಹಿಡಿದು ಹಳೇ ಬಾಗಿಲಿನ ಫೋಟೋ ತೆಗೆದು "ಎಂಥಾ ಚೆಂದ" ಅನ್ನೋರಿಗೆ ಅವಳ ಪ್ರಶ್ನೆ ತಲುಪಲಿ. ಮನೆ ಉಳಿಯೋದು ಫೋಟೋದಿಂದ ಅಲ್ಲ, ಒಳಗೆ ಒಬ್ಬ ಹೆಂಗಸು ನೆಮ್ಮದಿಯಿಂದ ಸ್ನಾನ ಮಾಡೋಹಂಗಿದ್ದರೆ ಮಾತ್ರ.

"ನಾವು ಕನ್ನಡದವರು, ಇದು ಮರಾಠಿಗರ ವಿಷಯ, ನಮಗ್ಯಾಕೆ?" ಅಂತ ಕೆಲವರು ಅಂದುಕೊಳ್ತೀರಿ. ನಮಗ್ಯಾಕೆ ಅಂದ್ರೆ, ನಮ್ಮನ್ನ ಒಳಗೆ ಬಿಟ್ಟಿದ್ದೇ ಈ ಮನೆಗಳು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗೋ ತನಕ ನಮ್ಮ ಕಡೆಯ ಹುಡುಗರು ಕಾಲೇಜು ಓದಬೇಕಂದ್ರೆ ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಆಲೂರ ವೆಂಕಟರಾಯರು, ಬೇಂದ್ರೆಯವರು ಓದಿದ್ದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ಆಮೇಲೆ ಹೋಟೆಲಿನವರು ಬಂದರು, ಗುಮಾಸ್ತರು ಬಂದರು, ಕಾರ್ಖಾನೆಯವರು ಬಂದೆವು. ಭಾಷೆ ಬಾರದವನಿಗೆ, ಶಿಫಾರಸು ಇಲ್ಲದವನಿಗೆ, ಅಂಗಡಿ ಮೇಲೆ ಒಂದು ಕೋಣೆ ಸಿಗ್ತಿತ್ತು. ಕೆಳಗೆ ಅಂಗಡಿಯವನು "ಯಾರು ನೀನು, ಎಲ್ಲಿಂದ ಬಂದೆ" ಅಂತ ಕೇಳ್ತಿದ್ದ. ನಾನು ಮರಾಠಿ ಕಲಿತದ್ದು ಆ ಹಗ್ಗದ ಅಂಗಡಿಯ ಕಟ್ಟೆ ಮೇಲೆ. ಈಗಿನ ಸೊಸೈಟಿಯ ಗೇಟಿನಲ್ಲಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು, ಯಾರೂ ಏನೂ ಕೇಳೋದಿಲ್ಲ. ನಾಳೆ ಬರೋ ಹುಡುಗ ಎಲ್ಲಿ ಇಳೀತಾನೆ?

ಕೊನೆಗೆ ಸ್ಮಾರಕದ ಮಾತು. ಗ್ರಾನೈಟು, ಗಾಜು, ಪ್ರತಿಮೆ, ದೀಪ, ಏನು ಬೇಕಾದರೂ ಹಾಕಿಕೊಳ್ಳಲಿ. ಸಾವಿತ್ರಿಬಾಯಿಯ ಹೆಸರನ್ನ 2014ರಲ್ಲಿ ವಿಶ್ವವಿದ್ಯಾಲಯಕ್ಕೇ ಇಟ್ಟಾಗಿದೆ, ಹೆಸರಿಗೆ ಕೊರತೆ ಇಲ್ಲ. ನನ್ನದು ಒಂದೇ ಬೇಡಿಕೆ. ಅಲ್ಲಿ ಕೆಳಗೆ ಬೀದಿಗೆ ಮುಖ ಮಾಡಿ ನಾಲ್ಕು ಅಂಗಡಿ ಇರಲಿ. ಮೇಲೆ ಒಂದು ಕೋಣೆಯಲ್ಲಿ, ಸಂಜೆ ಹೊತ್ತಾದರೂ ಸರಿ, ಆ ಪೇಟೆಯ ಹೆಣ್ಣುಮಕ್ಕಳಿಗೆ ಪಾಠ ನಡೀಲಿ. ಅಷ್ಟಾದರೆ ಭಿಡೆ ವಾಡೆ ಹೋಗಿಲ್ಲ ಅಂತ ನಾನೂ ಒಪ್ಪಿಕೊಳ್ತೀನಿ.

ತಂಗಿಯ ಮಗಳು ವಾಪಸ್ ಹೋಗುವಾಗ ಬಸ್ಸಿನ ಕಿಟಕಿಯಿಂದ ಹೇಳಿದಳು, "ಹುಡಿಗ್ಯಾರಿಗೆ ಏನ್ ಹೇಳ್ಲಿ ಮಾಮಾ? ಆ ಮನಿ ನೋಡಿ ಬಂದೆ ಅಂತ ಹೇಳ್ಲೋ ಬ್ಯಾಡೋ?"

ನೀವಾದರೆ ಏನು ಹೇಳ್ತಿದ್ದಿರಿ?